ಕನ್ನಡ ಕ್ರೈಸ್ತ ಪರಂಪರೆಯಲ್ಲಿ ಸರಳ ಬದುಕಿನ ಚಿಂತನೆ: ದಾವಣಗೆರೆ–ಹರಿಹರ ಪರಿಸರವನ್ನು ಅನುಲಕ್ಷಿಸಿ

ಪೀಠಿಕೆ

ಕ್ರೈಸ್ತ ಧರ್ಮದ ಮೂಲಗ್ರಂಥಗಳಲ್ಲಿ ಸಂಪತ್ತಿನ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಯೇಸುವಿನ ಪರ್ವತ ಪ್ರಸಂಗವು ನಾಳಿನ ಅನ್ನವಸ್ತ್ರಗಳ ಕುರಿತ ಚಿಂತೆಯನ್ನು ಬಿಡುವಂತೆ ಬೋಧಿಸುತ್ತದೆ. ದೇವರು ಮತ್ತು ಧನ ಎಂಬ ಇಬ್ಬರು ಯಜಮಾನರನ್ನು ಏಕಕಾಲಕ್ಕೆ ಸೇವಿಸಲಾಗದೆಂದು ಎಚ್ಚರಿಸುತ್ತದೆ. ಆಸ್ತಿಯನ್ನು ಬಿಡಲಾರದೆ ದುಃಖದಿಂದ ಹಿಂದಿರುಗಿದ ಐಶ್ವರ್ಯವಂತನ ಪ್ರಸಂಗವನ್ನು ಸುವಾರ್ತೆಗಳು ದಾಖಲಿಸಿವೆ. ಆದಿ ಕ್ರೈಸ್ತ ಸಭೆಯವರು ತಮ್ಮ ಸ್ವತ್ತುಗಳನ್ನು ಸಾಮೂಹಿಕವಾಗಿ ಹಂಚಿಕೊಂಡು ಬಾಳಿದರೆಂಬ ಚಿತ್ರ ಅಪೊಸ್ತಲರ ಕೃತ್ಯಗಳಲ್ಲಿದೆ. ಈಜಿಪ್ಟಿನ ಮರುಭೂಮಿಯ ತಪಸ್ವಿಗಳಿಂದ ಮೊದಲ್ಗೊಂಡು 13ನೆಯ ಶತಮಾನದ ಅಸಿಸಿಯ ಫ್ರಾನ್ಸಿಸನವರೆಗೆ ಈ ಬೋಧನೆಯನ್ನು ಅಕ್ಷರಶಃ ಆಚರಿಸಿದ ಪರಂಪರೆಯೊಂದು ಕ್ರೈಸ್ತ ಚರಿತ್ರೆಯುದ್ದಕ್ಕೂ ಹರಿದುಬಂದಿದೆ. ಅದರ ಜೊತೆಜೊತೆಗೇ ಭೂಮಿ, ಕಟ್ಟಡ, ಬಂಡವಾಳಗಳನ್ನು ಹೊಂದಿದ ಸಂಸ್ಥೆಯಾಗಿಯೂ ಚರ್ಚು ಬೆಳೆದಿದೆ. ಈ ಎರಡು ಪ್ರವಾಹಗಳ ನಡುವಣ ಘರ್ಷಣೆಯೇ ಕ್ರೈಸ್ತ ಸಮಾಜದ ಆಂತರಿಕ ಇತಿಹಾಸದ ಒಂದು ಮುಖ್ಯ ಎಳೆ.

ಕರ್ನಾಟಕದಲ್ಲಿ ಕ್ರೈಸ್ತ ಧರ್ಮದ ಅಧ್ಯಯನ ಇದುವರೆಗೆ ಹೆಚ್ಚಾಗಿ ಎರಡು ನೆಲೆಗಳಲ್ಲಿ ನಡೆದಿದೆ. ಮಿಶನರಿಗಳು ಕನ್ನಡ ಮುದ್ರಣ, ನಿಘಂಟು, ಪತ್ರಿಕೆ, ಶಿಕ್ಷಣ ಕ್ಷೇತ್ರಗಳಿಗೆ ನೀಡಿದ ಕೊಡುಗೆ ಒಂದು. ಮತಾಂತರದ ಸಾಮಾಜಿಕ ಪರಿಣಾಮ ಮತ್ತೊಂದು. ಕ್ರೈಸ್ತನಾಗಿ ಹೇಗೆ ಬದುಕಬೇಕು, ಎಷ್ಟು ಹೊಂದಿರಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗಳಿಗೆ ಕನ್ನಡ ನೆಲದಲ್ಲಿ ದೊರೆತ ಉತ್ತರಗಳತ್ತ ಗಮನ ಹರಿದಿರುವುದು ಕಡಿಮೆ. ಪ್ರಸ್ತುತ ಲೇಖನದಲ್ಲಿ ಅಂತಹ ಮೂರು ಉತ್ತರಗಳನ್ನು ಗುರುತಿಸಿ, ದಾವಣಗೆರೆ–ಹರಿಹರ ಪರಿಸರವನ್ನು ಕೇಂದ್ರವಾಗಿಟ್ಟುಕೊಂಡು ಅವುಗಳನ್ನು ಪರಿಶೀಲಿಸಲು ಪ್ರಯತ್ನಿಸಲಾಗಿದೆ. ಸಂನ್ಯಾಸಿಯ ವೇಷ ಮತ್ತು ಆಚಾರಗಳ ಮೂಲಕ ವ್ಯಕ್ತವಾದ ಸರಳತೆ ಮೊದಲನೆಯದು. ದುಡಿಮೆ ಮತ್ತು ಮಿತವ್ಯಯದ ಶಿಸ್ತಾಗಿ ರೂಪುಗೊಂಡ ಸರಳತೆ ಎರಡನೆಯದು. ತಾನು ಕೊಡುವವನಷ್ಟೇ ಅಲ್ಲದೆ ಬೇಡುವವನೂ ಹೌದೆಂಬ ವಿನಯದಲ್ಲಿ ನೆಲೆಗೊಂಡ ಸರಳತೆ ಮೂರನೆಯದು. ಈ ಮೂರನೆಯ ಬಗೆಯು ರೆವರೆಂಡ್ ಉತ್ತಂಗಿ ಚನ್ನಪ್ಪನವರ ಬದುಕು–ಬರಹಗಳಲ್ಲಿ ಪರಿಪೂರ್ಣ ರೂಪ ಪಡೆಯಿತೆಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ಮೂರು ಸೀಮೆಗಳ ಸಂಧಿಸ್ಥಳ

ಇಂದಿನ ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಆದರೆ ಈ ಪರಿಸರದ ಸಾಂಸ್ಕೃತಿಕ ಮಹತ್ತ್ವ ಬಹಳ ಹಿಂದಿನದು. ತುಂಗಭದ್ರೆಯ ದಡದ ಹರಿಹರದಲ್ಲಿ 13ನೆಯ ಶತಮಾನದ ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯವಿದೆ. ವಿಷ್ಣು ಮತ್ತು ಶಿವ ಒಂದೇ ವಿಗ್ರಹದಲ್ಲಿ ಕೂಡಿರುವ ಈ ಕ್ಷೇತ್ರವು ಮತಗಳ ಸಮನ್ವಯಕ್ಕೆ ಕನ್ನಡ ನಾಡು ಕೊಟ್ಟ ಶಿಲ್ಪರೂಪವೆಂದೇ ಪ್ರಸಿದ್ಧವಾಗಿದೆ. ಅದೇ ಊರಿನಲ್ಲಿರುವ ಆರೋಗ್ಯಮಾತೆಯ ದೇವಾಲಯವು ಕ್ಯಾಥೊಲಿಕರ ಯಾತ್ರಾಸ್ಥಳ. ಸೆಪ್ಟೆಂಬರ್ ತಿಂಗಳಲ್ಲಿ ನಡೆಯುವ ಮಾತೆಯ ಹಬ್ಬಕ್ಕೆ ಕ್ರೈಸ್ತರಲ್ಲದವರೂ ಹರಕೆ ಹೊತ್ತು ಬರುತ್ತಾರೆ. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಈ ಪ್ರದೇಶ ಸೇರಿದೆ.

19ನೆಯ ಶತಮಾನದ ಆಡಳಿತ ನಕ್ಷೆಯನ್ನು ಗಮನಿಸಿದರೆ ಈ ಪರಿಸರದ ವಿಶೇಷತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ದಾವಣಗೆರೆ ಮತ್ತು ಹರಿಹರಗಳು ಮೈಸೂರು ಸಂಸ್ಥಾನದಲ್ಲಿದ್ದವು. ನದಿ ದಾಟಿದರೆ ರಾಣೆಬೆನ್ನೂರು. ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಈಶಾನ್ಯಕ್ಕಿರುವ ಹರಪನಹಳ್ಳಿ ಮತ್ತು ಹೂವಿನಹಡಗಲಿ ಸೀಮೆಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹೀಗೆ ಎತ್ತಿನ ಗಾಡಿಯಲ್ಲಿ ಒಂದೆರಡು ದಿನಗಳಲ್ಲಿ ಕ್ರಮಿಸಬಹುದಾದ ಅಂತರದಲ್ಲಿ ಮೂರು ಆಡಳಿತಗಳು ಸಂಧಿಸುತ್ತಿದ್ದವು.

ಕ್ರೈಸ್ತ ಮಿಶನ್‌ಗಳ ಕ್ಷೇತ್ರವಿಂಗಡಣೆಯೂ ಬಹುಮಟ್ಟಿಗೆ ಇದನ್ನೇ ಅನುಸರಿಸಿತು. ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಶನರಿ ಸೊಸೈಟಿ ಕಾರ್ಯನಿರತವಾಗಿತ್ತು. ಅಲ್ಲಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿನ ಅನುವಾದಕ್ಕೆ ಶ್ರಮಿಸಿದರೆ, ವಿಲಿಯಂ ರೀವ್ ನಿಘಂಟು ರಚನೆಯಲ್ಲಿ ತೊಡಗಿದ್ದರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳು ಬಾಸೆಲ್ ಮಿಶನ್ನಿನ ಕ್ಷೇತ್ರಗಳಾದವು. ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಶನ್ ಹಾಗೂ ಪ್ಯಾರಿಸ್ಸಿನ ವಿದೇಶೀ ಮಿಶನ್ ಸಂಘದ ಕ್ಯಾಥೊಲಿಕ್ ಪಾದ್ರಿಗಳು ಸೇವೆ ಸಲ್ಲಿಸುತ್ತಿದ್ದರು. ಆದ್ದರಿಂದ ದಾವಣಗೆರೆ–ಹರಿಹರವನ್ನು ಕುರಿತ ವಿಚಾರ ಆ ಎರಡು ಊರುಗಳ ಎಲ್ಲೆಯೊಳಗೆ ಮುಗಿಯುವಂತಹುದಲ್ಲ. ಸುತ್ತಲಿನ ಮೂರು ಸೀಮೆಗಳ ಕ್ರೈಸ್ತ ಅನುಭವಗಳನ್ನು ಒಟ್ಟಿಗೆ ಇಟ್ಟು ನೋಡಬೇಕಾಗುತ್ತದೆ.

ಇದೇ ಪರಿಸರವು ಕನ್ನಡ ನಾಡಿನ ದೊಡ್ಡ ವ್ಯಾಪಾರಸ್ಥಳಗಳಲ್ಲಿ ಒಂದಾಗಿ ಬೆಳೆದದ್ದು ಗಮನಾರ್ಹ. ಹತ್ತಿಯ ಪೇಟೆಯಾಗಿದ್ದ ದಾವಣಗೆರೆ, 1930ರ ದಶಕದಿಂದ ಬಟ್ಟೆಯ ಗಿರಣಿಗಳ ಊರಾಗಿ ಬೆಳೆದು ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಪಡೆಯಿತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಸರಳ ಬದುಕಿನ ಬೋಧನೆಗೆ ನಿಜವಾದ ಪರೀಕ್ಷೆ ಎದುರಾಗುವುದು ಕಾಡಿನಲ್ಲಿ ಅಲ್ಲ, ಇಂತಹ ಪೇಟೆಯಲ್ಲಿ.

ಸಂನ್ಯಾಸಿಯ ವೇಷ

ಕನ್ನಡ ನಾಡಿನಲ್ಲಿ ಕ್ರೈಸ್ತ ಸರಳತೆಯ ಮೊದಲ ಪ್ರಯೋಗ 17ನೆಯ ಶತಮಾನದ್ದು. 1606ರಲ್ಲಿ ಮಧುರೆಗೆ ಬಂದ ಜೆಸ್ವಿಟ್ ಪಾದ್ರಿ ರಾಬರ್ಟೊ ಡಿ ನೊಬಿಲಿ, ಕಾವಿ ಧರಿಸಿ, ಮಾಂಸಾಹಾರ ತ್ಯಜಿಸಿ, ಸಂನ್ಯಾಸಿಯ ಜೀವನಕ್ರಮವನ್ನು ಅಳವಡಿಸಿಕೊಂಡರು. ಅದೇ ಮಾದರಿಯನ್ನು ಅನುಸರಿಸಿ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಆ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣವನ್ನು ಕೇಂದ್ರವಾಗಿಸಿಕೊಂಡು ಮೈಸೂರು ಮಿಶನ್ನನ್ನು ಆರಂಭಿಸಿದರು. ಕನ್ನಡವನ್ನು ಕಲಿತು ವ್ಯಾಕರಣ ಮತ್ತು ಧಾರ್ಮಿಕ ಗ್ರಂಥಗಳನ್ನು ರಚಿಸಿದರು.

ಈ ಕ್ರಮದ ಹಿಂದೆ ಒಂದು ಸ್ಪಷ್ಟ ತಿಳಿವಳಿಕೆಯಿತ್ತು. ಯುರೋಪಿಯನ್ನರೆಂದರೆ ಹಡಗು, ಬಂದೂಕು ಮತ್ತು ವ್ಯಾಪಾರ ಎಂದೇ ಜನ ಭಾವಿಸಿದ್ದ ಕಾಲದಲ್ಲಿ, ವಿರಕ್ತನಲ್ಲದವನ ಬಾಯಿಂದ ಬರುವ ಧರ್ಮೋಪದೇಶಕ್ಕೆ ಈ ನೆಲದಲ್ಲಿ ಗೌರವ ದೊರೆಯದೆಂಬುದನ್ನು ಆ ಪಾದ್ರಿಗಳು ಅರಿತಿದ್ದರು. ಮುಂದೆ 1792ರಿಂದ 1823ರವರೆಗೆ ದಕ್ಷಿಣ ಭಾರತದಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಕೂಡ ದೇಶೀಯ ಉಡುಪು, ಆಹಾರಗಳನ್ನು ಅಂಗೀಕರಿಸಿದರು. 1799ರ ನಂತರ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಸಂಘಟಿಸಿ, ಹಾಸನದ ಬಳಿಯ ಸಾತಳ್ಳಿಯಲ್ಲಿ ಕೃಷಿಕರ ನೆಲೆಯೊಂದನ್ನು ಏರ್ಪಡಿಸಿದ್ದು ಅವರ ಸ್ಮರಣೀಯ ಕಾರ್ಯ. 20ನೆಯ ಶತಮಾನದಲ್ಲಿ ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಜೆಸ್ವಿಟ್ ಪಾದ್ರಿಗಳು ಕಾವಿಯುಟ್ಟು, ಶಾಕಾಹಾರವನ್ನು ಸ್ವೀಕರಿಸಿ, ವಿರಕ್ತಮಠದ ಮಾದರಿಯಲ್ಲಿ ನೆಲೆನಿಂತದ್ದು ಈ ಪರಂಪರೆಯ ಮುಂದುವರಿಕೆ.

ಈ ಪ್ರಯೋಗದ ಶಕ್ತಿ ಮತ್ತು ಮಿತಿಗಳೆರಡನ್ನೂ ಗುರುತಿಸಬೇಕು. ಹೊರಗಿನಿಂದ ಬಂದವನು ತನ್ನ ಊಟ, ಉಡುಪು, ನಡವಳಿಕೆಗಳನ್ನು ಬಿಟ್ಟು ಆತಿಥೇಯನ ಕ್ರಮಕ್ಕೆ ಒಗ್ಗಿಕೊಳ್ಳುವುದು ಸಣ್ಣ ತ್ಯಾಗವೇನಲ್ಲ. ಆದರೆ ಅವರು ಅಂಗೀಕರಿಸಿದ ಸಂನ್ಯಾಸದ ಮಾದರಿ ಮೇಲ್ಜಾತಿಯ ಆಚಾರಗಳೊಂದಿಗೆ ಬೆಸೆದುಕೊಂಡಿತ್ತು. ಮಧುರೆಯಲ್ಲಿ ಮೇಲ್ಜಾತಿಯವರ ನಡುವೆ ಸೇವೆ ಸಲ್ಲಿಸುವ ಪಾದ್ರಿಗಳು ಮತ್ತು ಕೆಳಜಾತಿಯವರಿಗಾಗಿ ಇದ್ದ ಪಂಡಾರಸ್ವಾಮಿಗಳು ಎಂಬ ವಿಭಾಗವೇ ಏರ್ಪಟ್ಟದ್ದನ್ನು ಇಲ್ಲಿ ನೆನೆಯಬಹುದು. ಬಿಡುವುದಕ್ಕೆ ಏನಾದರೂ ಇದ್ದವನ ಸರಳತೆ ಅದು. ಬಿಡುವುದಕ್ಕೆ ಏನೂ ಇಲ್ಲದಿದ್ದ ರೈತ, ಕೂಲಿ, ಅಸ್ಪೃಶ್ಯನ ಬಾಳಿಗೆ ಅದು ಹೇಳುವುದೇನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಕೈಮಗ್ಗ, ಹೆಂಚು ಮತ್ತು ಲೆಕ್ಕದ ಪುಸ್ತಕ

ಆ ಪ್ರಶ್ನೆಗೆ ಬೇರೊಂದು ದಿಕ್ಕಿನಿಂದ ಉತ್ತರ ಹುಡುಕಿದವರು ಬಾಸೆಲ್ ಮಿಶನ್ನಿನವರು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಬಹುಪಾಲು ಮಿಶನರಿಗಳು ದಕ್ಷಿಣ ಜರ್ಮನಿಯ ರೈತ ಮತ್ತು ಕುಶಲಕರ್ಮಿ ಕುಟುಂಬಗಳಿಂದ ಬಂದವರು. ಪಯಟಿಸಂ ಎಂದು ಕರೆಯಲಾಗುವ ಭಕ್ತಿಮಾರ್ಗವು ಅವರ ಆಧ್ಯಾತ್ಮಿಕ ಹಿನ್ನೆಲೆ. ಆಡಂಬರವಿಲ್ಲದ ಉಡುಗೆ, ದುಂದುವೆಚ್ಚವಿಲ್ಲದ ಮನೆವಾರ್ತೆ, ಕಾಲನಿಷ್ಠೆ, ನಿತ್ಯಪ್ರಾರ್ಥನೆ ಮತ್ತು ದುಡಿಮೆ ಅವರಿಗೆ ಬೇರೆ ಬೇರೆ ವಿಷಯಗಳಾಗಿರಲಿಲ್ಲ. 1834ರಲ್ಲಿ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಕೇಂದ್ರಗಳು ಆರಂಭವಾದವು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ವಿದ್ಯಾರ್ಥಿಗಳೊಡನೆ ಒಂದೇ ಸೂರಿನಡಿ ಸಹವಾಸಿಯಾಗಿ ಬದುಕುವ ಆದರ್ಶವನ್ನು ಹೊಂದಿದ್ದರು. ಗದಗಿನ ಸಮೀಪದ ಮಲಸಮುದ್ರದಲ್ಲಿ ಕೃಷಿ ವಸಾಹತೊಂದನ್ನು ಸ್ಥಾಪಿಸುವ ಪ್ರಯತ್ನವೂ 1841ರಲ್ಲಿ ನಡೆಯಿತು. ಕಾಲಜ್ಞಾನದ ವಾಕ್ಯಗಳಲ್ಲಿ ನಂಬಿಕೆಯಿಟ್ಟಿದ್ದ ಆ ಭಾಗದ ಜನ ಅಲ್ಲಿ ಬಂದು ನೆಲೆಸುವರೆಂಬ ಮಿಶನರಿಗಳ ನಿರೀಕ್ಷೆ ಕೈಗೂಡಲಿಲ್ಲ.

ಮತಾಂತರಗೊಂಡವರ ಜೀವನೋಪಾಯದ ಪ್ರಶ್ನೆ ಮಿಶನ್ನಿನ ಮುಂದಿದ್ದ ಅತ್ಯಂತ ಕಠಿಣ ಸಮಸ್ಯೆ. ಹೊಸ ಧರ್ಮವನ್ನು ಸ್ವೀಕರಿಸಿದವನಿಗೆ ಜಾತಿಯ ಕಸುಬು, ಕುಟುಂಬದ ಆಸ್ತಿ, ಊರಿನ ಆಸರೆಗಳು ಒಮ್ಮೆಗೇ ತಪ್ಪಿಹೋಗುತ್ತಿದ್ದವು. ಈ ಕಾರಣದಿಂದ ಮಿಶನ್ ಕೈಗಾರಿಕೆಗಳತ್ತ ಹೊರಳಿತು. 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ, 1851ರಲ್ಲಿ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಪ್ರಾರಂಭವಾದವು. ಜಾನ್ ಹಾಲರ್ ರೂಪಿಸಿದ ಖಾಕಿ ಬಣ್ಣ, ಜಾರ್ಜ್ ಪ್ಲೆಬ್‌ಸ್ಟ್ ಅಭಿವೃದ್ಧಿಪಡಿಸಿದ ಹೆಂಚು ನಾಡಿನಾಚೆಗೂ ಪ್ರಸಿದ್ಧವಾದವು. 1859ರಲ್ಲಿ ಮಿಶನ್ನಿನ ವ್ಯಾಪಾರ ಕಂಪನಿ ಅಸ್ತಿತ್ವಕ್ಕೆ ಬಂದು, ಷೇರುದಾರರಿಗೆ ಮಿತವಾದ ಲಾಭಾಂಶವನ್ನೂ ಮಿಶನ್ನಿಗೆ ಧನಸಹಾಯವನ್ನೂ ಒದಗಿಸತೊಡಗಿತು.

ಸರಳ ಬದುಕನ್ನು ಬೋಧಿಸಿದವರೇ ಕಾರ್ಖಾನೆಗಳ ಒಡೆಯರಾದದ್ದು ವೈರುಧ್ಯವೆಂದು ಮೇಲ್ನೋಟಕ್ಕೆ ತೋರುತ್ತದೆ. ಆತ್ಮೋದ್ಧಾರಕ್ಕಾಗಿ ಬಂದವರಿಗೆ ಲಾಭ–ನಷ್ಟಗಳ ಗೊಡವೆ ಏಕೆಂಬ ಚರ್ಚೆ ಮಿಶನ್ನಿನ ಒಳಗೂ ನಡೆದಿತ್ತು. ಆದರೆ ಇದನ್ನು ಕೇವಲ ಲೋಭವೆಂದು ತಳ್ಳಿಹಾಕುವುದು ಚಾರಿತ್ರಿಕವಾಗಿ ಸರಿಯಾಗಲಾರದು. ಮಗ್ಗದ ಮುಂದೆ ಕುಳಿತು ತಿಂಗಳ ಕೂಲಿ ಎಣಿಸಿಕೊಂಡ ಹೊಸ ಕ್ರೈಸ್ತನಿಗೆ ಆ ಕೂಲಿ ಸ್ವಾತಂತ್ರ್ಯದ ಗುರುತಾಗಿತ್ತು. ಸ್ವಂತ ಇಚ್ಛೆಯಿಂದ ಆರಿಸಿಕೊಂಡ ಸರಳತೆಯೇ ಬೇರೆ, ಹೊರಗಿನಿಂದ ಹೇರಲ್ಪಟ್ಟ ಬಡತನವೇ ಬೇರೆ. ಹಸಿದವನಿಗೆ ಅಪರಿಗ್ರಹವನ್ನು ಬೋಧಿಸುವುದಕ್ಕಿಂತ ಅವನಿಗೆ ಕೆಲಸ ಕೊಡುವುದು ಹೆಚ್ಚು ಸುವಾರ್ತೆಗೆ ಸಮೀಪವಾದುದು ಎಂಬ ವಿವೇಕ ಮಿಶನ್ನಿನ ಈ ನಡೆಯಲ್ಲಿತ್ತು.

ಆದರೂ ಇದರ ಮಿತಿಯೂ ಅಷ್ಟೇ ಸ್ಪಷ್ಟ. ಕೆಲಸ ಕೊಡುವವನು, ಬಾಡಿಗೆಯ ಮನೆ ಕೊಡುವವನು, ಉಪದೇಶ ಮಾಡುವವನು ಒಬ್ಬನೇ ಆದಾಗ ಸರಳತೆಯ ಬೋಧನೆ ಆಜ್ಞೆಯ ರೂಪ ತಾಳುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ, ಕಾರ್ಖಾನೆಗಳು ಸರ್ಕಾರದ ವಶವಾದಾಗ, ಅವುಗಳನ್ನೇ ಅವಲಂಬಿಸಿದ್ದ ಸಭೆಗಳು ಅನಾಥವಾದದ್ದು ಈ ವ್ಯವಸ್ಥೆಯ ದೌರ್ಬಲ್ಯವನ್ನು ಬಯಲಿಗೆ ತಂದಿತು.

ಗಳಿಕೆ ಮತ್ತು ದಾಸೋಹ

ದುಡಿಮೆ ಮತ್ತು ಮಿತವ್ಯಯಗಳು ಸಂಪತ್ತನ್ನು ಹುಟ್ಟಿಸುತ್ತವೆ, ಸಂಪತ್ತು ಭಕ್ತಿಯನ್ನು ಕುಗ್ಗಿಸುತ್ತದೆ ಎಂಬ ಇಕ್ಕಟ್ಟನ್ನು 18ನೆಯ ಶತಮಾನದಲ್ಲೇ ಗುರುತಿಸಿದವರು ಮೆಥೊಡಿಸ್ಟ್ ಪಂಥದ ಪ್ರವರ್ತಕ ಜಾನ್ ವೆಸ್ಲಿ. ಹಣದ ಬಳಕೆಯನ್ನು ಕುರಿತ ತಮ್ಮ ಪ್ರಸಂಗದಲ್ಲಿ ಅವರು ನ್ಯಾಯವಾಗಿ ಗಳಿಸುವುದು, ಮಿತವಾಗಿ ಬಳಸಿ ಉಳಿಸುವುದು, ಉಳಿದುದನ್ನು ಕೊಟ್ಟುಬಿಡುವುದು ಎಂಬ ಮೂರು ಹೆಜ್ಜೆಗಳನ್ನು ವಿಧಿಸಿದರು. ಮೂರನೆಯ ಹೆಜ್ಜೆ ತಪ್ಪಿದರೆ ಮೊದಲೆರಡು ಹೆಜ್ಜೆಗಳು ಆತ್ಮನಾಶಕ್ಕೆ ದಾರಿ ಎಂಬುದು ಅವರ ಕಳವಳವಾಗಿತ್ತು. 1904–05ರಲ್ಲಿ ಮ್ಯಾಕ್ಸ್ ವೇಬರ್ ಪ್ರಾಟೆಸ್ಟಂಟ್ ನೀತಿ ಮತ್ತು ಬಂಡವಾಳಶಾಹಿಯ ಸಂಬಂಧವನ್ನು ವಿವೇಚಿಸುವಾಗ ವೆಸ್ಲಿಯವರ ಈ ಕಳವಳವನ್ನೇ ಸಾಕ್ಷ್ಯವಾಗಿ ಬಳಸಿಕೊಂಡರು. ವೆಸ್ಲಿಯವರ ಅನುಯಾಯಿಗಳೇ ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದವರೆಂಬುದನ್ನು ಗಮನಿಸಿದರೆ ಈ ವಿಚಾರ ನಮ್ಮ ಪರಿಸರಕ್ಕೆ ದೂರದ್ದಲ್ಲ.

ಇಲ್ಲಿ ಹೋಲಿಕೆಯೊಂದು ತಾನಾಗಿಯೇ ಮುಂದೆ ಬರುತ್ತದೆ. 12ನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹಗಳನ್ನು ಬೇರ್ಪಡಿಸಲಾಗದ ಜೋಡಿಯಾಗಿ ಪ್ರತಿಪಾದಿಸಿದರು. ಸತ್ಯಶುದ್ಧ ಕಾಯಕದಿಂದ ಬಂದುದು ಸಮಾಜಕ್ಕೆ ಮರಳಬೇಕು. ನಾಳೆಗೆಂದು ಕೂಡಿಡುವುದು ವಿಶ್ವಾಸದ ಕೊರತೆಯ ಲಕ್ಷಣ. ವೆಸ್ಲಿಯವರ ಮೂರು ಹೆಜ್ಜೆಗಳಿಗೂ ಶರಣರ ಈ ಜೋಡಿಗೂ ಇರುವ ಸಾಮ್ಯ ಆಶ್ಚರ್ಯಕರವಾದುದು. ವ್ಯತ್ಯಾಸವೂ ಇದೆ. ವೆಸ್ಲಿಯವರಲ್ಲಿ ಕೊಡುವಿಕೆ ಗಳಿಕೆಯ ಕೊನೆಯ ಹಂತ. ಶರಣರಲ್ಲಿ ದಾಸೋಹ ಕಾಯಕದ ಉದ್ದೇಶವೇ ಆಗಿದೆ, ಕೊಡುವವನು ದಾಸನೇ ಹೊರತು ದಾನಿಯಲ್ಲ.

ದಾವಣಗೆರೆಯ ವರ್ತಕ ಸಮಾಜವು ಈ ಎರಡನೆಯ ಪರಂಪರೆಯ ಉತ್ತರಾಧಿಕಾರಿ. ಛತ್ರ, ಪ್ರಸಾದನಿಲಯ, ವಿದ್ಯಾಸಂಸ್ಥೆಗಳ ಮೂಲಕ ಪೇಟೆಯ ಹಣ ಊರಿಗೆ ಹಿಂದಿರುಗಿದ ಉದಾಹರಣೆಗಳು ಅಲ್ಲಿ ಹೇರಳವಾಗಿವೆ. ಇದೇ ಊರು 20ನೆಯ ಶತಮಾನದ ಆರಂಭದಲ್ಲಿ ಸರಳ ಬದುಕಿನ ದೊಡ್ಡ ಪ್ರಯೋಗವೊಂದಕ್ಕೂ ನೆಲೆಯಾಯಿತು. ಬನವಾಸಿಯಲ್ಲಿ 1886ರಲ್ಲಿ ಜನಿಸಿದ ಹರ್ಡೇಕರ ಮಂಜಪ್ಪನವರು 1906ರಲ್ಲಿ ದಾವಣಗೆರೆಯಿಂದ 'ಧನುರ್ಧಾರಿ' ಪತ್ರಿಕೆಯನ್ನು ಆರಂಭಿಸಿದರು. 1913ರಲ್ಲಿ ಮೃತ್ಯುಂಜಯ ಅಪ್ಪಗಳೊಡನೆ ಸೇರಿ ದಾವಣಗೆರೆಯ ವಿರಕ್ತಮಠದಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದರು. ಬ್ರಹ್ಮಚರ್ಯ, ಖಾದಿ, ಸ್ವದೇಶಿಗಳನ್ನು ವ್ರತವಾಗಿ ಸ್ವೀಕರಿಸಿ ಕರ್ನಾಟಕದ ಗಾಂಧಿ ಎನಿಸಿಕೊಂಡರು. ಅವರಿಗಿಂತ ಐದು ವರ್ಷ ಹಿರಿಯರಾಗಿದ್ದ ಕ್ರೈಸ್ತ ಬೋಧಕರೊಬ್ಬರು ಅದೇ ದಶಕಗಳಲ್ಲಿ, ನದಿಯ ಆಚೆಯ ಸೀಮೆಯಲ್ಲಿ, ಅದೇ ಶರಣ ಪರಂಪರೆಯ ಬಾಗಿಲಿಗೆ ಜೋಳಿಗೆ ಹಿಡಿದು ಬಂದರು. ಅವರೇ ಉತ್ತಂಗಿ ಚನ್ನಪ್ಪನವರು.

ತಿರುಳ್ಗನ್ನಡದ ತಿರುಕ

ಉತ್ತಂಗಿ ಚನ್ನಪ್ಪನವರು ಜನಿಸಿದ್ದು ಧಾರವಾಡದಲ್ಲಿ, 1881ರ ಅಕ್ಟೋಬರ್ 28ರಂದು. ಅವರ ಹೆಸರಿನಲ್ಲಿರುವ ಉತ್ತಂಗಿಯು ಹೂವಿನಹಡಗಲಿ ತಾಲ್ಲೂಕಿನ ಒಂದು ಗ್ರಾಮ. ಮಂಗಳೂರಿನ ಬಾಸೆಲ್ ಮಿಶನ್ನಿನ ದೈವಜ್ಞಾನ ಶಾಲೆಯಲ್ಲಿ ಶಿಕ್ಷಣ ಪಡೆದು, ಉತ್ತರ ಕರ್ನಾಟಕದ ಊರುಗಳಲ್ಲಿ ಬೋಧಕರಾಗಿ, ಸಭಾಪಾಲಕರಾಗಿ ಸೇವೆ ಸಲ್ಲಿಸಿದರು. ಮಿಶನ್ ಸೇವಕನ ಮಿತವಾದ ವೇತನದಲ್ಲಿ ಸಂಸಾರ ನಡೆಸುತ್ತ, ಹಳ್ಳಿಯಿಂದ ಹಳ್ಳಿಗೆ ತಿರುಗುವುದೇ ಅವರ ವೃತ್ತಿಯ ಸ್ವರೂಪವಾಗಿತ್ತು.

ಈ ತಿರುಗಾಟದಲ್ಲಿ ಅವರು ಮಾಡಿದ ಮಹತ್ಕಾರ್ಯ ಸರ್ವಜ್ಞನ ತ್ರಿಪದಿಗಳ ಸಂಗ್ರಹ. ಓಲೆಗರಿ, ಕಡತ, ಅಚ್ಚಾದ ಪುಸ್ತಿಕೆಗಳಿಂದಲೂ ಜನರ ಬಾಯಿಂದಲೂ ಸಾವಿರಕ್ಕೂ ಮಿಕ್ಕ ವಚನಗಳನ್ನು ಕೂಡಿಸಿ, ವಿಷಯಾನುಸಾರ ವಿಂಗಡಿಸಿ 1924ರಲ್ಲಿ ಪ್ರಕಟಿಸಿದರು. ಅದಕ್ಕೆ ಎರಡು ವರ್ಷಗಳ ಹಿಂದೆ, 1922ರಲ್ಲಿ, ದಾವಣಗೆರೆಯಲ್ಲಿ ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಿತ್ತು. ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಆ ಕಾಲದಲ್ಲಿ ನಾಡಿನ ಮೂಲೆಮೂಲೆಗಳ ಬಾಯಲ್ಲಿದ್ದ ಕವಿಯೊಬ್ಬನನ್ನು ಒಂದೆಡೆ ತಂದ ಈ ಗ್ರಂಥಕ್ಕೆ ಸಾಹಿತ್ಯಕ ಮಹತ್ತ್ವದ ಜೊತೆಗೆ ಏಕೀಕರಣದ ಮಹತ್ತ್ವವೂ ಇದೆ.

ಸರ್ವಜ್ಞನನ್ನೇ ಅವರು ಆರಿಸಿಕೊಂಡದ್ದು ಆಕಸ್ಮಿಕವೆನಿಸುವುದಿಲ್ಲ. ಪರಂಪರೆಯು ಸರ್ವಜ್ಞನನ್ನು ಹಿರೇಕೆರೂರು ಸೀಮೆಯ ಮಾಸೂರು, ಅಬಲೂರುಗಳೊಂದಿಗೆ ಸಂಬಂಧಿಸುತ್ತದೆ. ಇವು ಹರಿಹರಕ್ಕೆ ಬಹು ದೂರದ ಊರುಗಳಲ್ಲ. ಮನೆಯಿಲ್ಲದೆ, ಮಠದ ಆಸರೆಯಿಲ್ಲದೆ ತಿರಿದುಂಡು ತಿರುಗಿದವನು ಸರ್ವಜ್ಞ. ಅವನ ವಿರಕ್ತಿಗೆ ವೇಷವಿಲ್ಲ. ಅನ್ನ, ಸಾಲ, ಜಾತಿ, ಲೋಭ, ನೇಗಿಲು, ರಾಗಿ, ಜೋಳಗಳ ಬಗ್ಗೆ ಅವನು ಮಾತನಾಡುತ್ತಾನೆ. ಸಂಸಾರವನ್ನು ಬಲ್ಲ ವಿರಕ್ತಿ ಅದು. ಪೇಟೆಯ ನಡುವೆ ನಿಂತು ಪೇಟೆಯನ್ನು ಪರೀಕ್ಷಿಸುವ ಈ ಧ್ವನಿಯಲ್ಲಿ, ಗಲಿಲಾಯದ ಹಳ್ಳಿಗಳಲ್ಲಿ ತಲೆಯೂರಲು ಸ್ಥಳವಿಲ್ಲದೆ ತಿರುಗಿದ ಬೋಧಕನ ಹೋಲಿಕೆಯನ್ನು ಕ್ರೈಸ್ತ ಸಭಾಪಾಲಕರೊಬ್ಬರು ಕಂಡಿದ್ದರೆ ಅದು ಸಹಜ.

ಉತ್ತಂಗಿಯವರು ತಮಗಾಗಿ ಸ್ವೀಕರಿಸಿದ ಹೆಸರು 'ತಿರುಳ್ಗನ್ನಡದ ತಿರುಕ'. ಇದನ್ನು ಬರೆ ಕಾವ್ಯನಾಮವೆಂದು ಪರಿಗಣಿಸಿದರೆ ಅದರ ಧಾರ್ಮಿಕ ಅರ್ಥ ಕೈತಪ್ಪುತ್ತದೆ. ಮಿಶನ್ನಿನ ಭಾಷೆಯಲ್ಲಿ ಬೋಧಕನೆಂದರೆ ಕೊಡುವವನು, ಕೇಳುಗನೆಂದರೆ ಪಡೆಯುವವನು. ತಿರುಕನೆಂದು ತನ್ನನ್ನು ಕರೆದುಕೊಂಡ ಬೋಧಕನು ಈ ಸಂಬಂಧವನ್ನೇ ತಿರುಗಿಸಿದಂತಾಯಿತು. ಸುವಾರ್ತೆಯನ್ನು ಹೊತ್ತು ಹೋದ ಮನೆಯಲ್ಲೇ ಅವನು ತ್ರಿಪದಿಯನ್ನು ಬೇಡುತ್ತಾನೆ. ಆ ಮನೆಯವರಲ್ಲಿ ತನಗಿಲ್ಲದ ಸಂಪತ್ತಿದೆಯೆಂದು ಒಪ್ಪಿಕೊಳ್ಳುತ್ತಾನೆ. 1921ರಲ್ಲಿ ಪ್ರಕಟವಾದ ಅವರ ಕೃತಿಯ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಬೆತ್ಲೆಹೇಮು ಬನಾರಸದ ಮುಂದೆ ಸವಾಲು ಹಾಕುವುದಿಲ್ಲ, ವಿನಂತಿಸುತ್ತದೆ. ಈ ಒಂದು ಪದದಲ್ಲಿಯೇ ಉತ್ತಂಗಿಯವರ ಧರ್ಮದೃಷ್ಟಿಯ ಸ್ವರೂಪ ವ್ಯಕ್ತವಾಗಿದೆ.

ಮುಂದಿನ ದಶಕಗಳಲ್ಲಿ ಅವರು ವಚನ ಸಾಹಿತ್ಯದ ಸಂಪಾದನೆಯಲ್ಲಿ ತೊಡಗಿದರು. ಮೋಳಿಗೆ ಮಾರಯ್ಯ ಮತ್ತು ಮಹಾದೇವಿಯರ ವಚನಗಳು, ಸಿದ್ಧರಾಮನ ಸಾಹಿತ್ಯ, ಆದಯ್ಯನ ವಚನಗಳ ಮೇಲೆ ಅವರು ನಡೆಸಿದ ಕೆಲಸ ವಿದ್ವಾಂಸರಿಗೆ ಪರಿಚಿತವಾದುದು. ಇವರಲ್ಲಿ ಮೋಳಿಗೆ ಮಾರಯ್ಯನು, ಐತಿಹ್ಯದ ಪ್ರಕಾರ, ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಬದುಕಿದವನು. 'ಅನುಭವ ಮಂಟಪದ ಐತಿಹಾಸಿಕತೆ' 1951ರ ಕೃತಿ. ಅನುಭವ ಮಂಟಪವು ಕಲ್ಪನೆಯೋ ವಾಸ್ತವವೋ ಎಂಬ ವಿವಾದದಲ್ಲಿ ಅದರ ಐತಿಹಾಸಿಕತೆಯನ್ನು ಎತ್ತಿಹಿಡಿಯಲು ಕ್ರೈಸ್ತ ಸಭಾಪಾಲಕರೊಬ್ಬರು ಲೇಖನಿ ಹಿಡಿದದ್ದು ಕನ್ನಡ ಸಂಶೋಧನೆಯ ಚರಿತ್ರೆಯಲ್ಲಿ ವಿಶಿಷ್ಟ ಘಟನೆ. 1949ರಲ್ಲಿ, ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡ ಮರುವರ್ಷ, ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1962ರ ಆಗಸ್ಟ್ 28ರಂದು ಅವರು ನಿಧನರಾದರು.

ಸಂಗ್ರಹ ಎಂಬ ಪದಕ್ಕೆ ಧರ್ಮಶಾಸ್ತ್ರಗಳಲ್ಲಿ ದೋಷದ ಅರ್ಥವಿದೆ. ಕೂಡಿಡುವುದು ಸರಳ ಬದುಕಿಗೆ ವಿರುದ್ಧ. ಉತ್ತಂಗಿಯವರೂ ಬಾಳಿಡೀ ಸಂಗ್ರಾಹಕರೇ. ಆದರೆ ಅವರು ಕೂಡಿಸಿದುದು ಹಂಚುವುದರಿಂದ ಹೆಚ್ಚುವ ಸೊತ್ತು. ಒಬ್ಬರ ಬಾಯಿಂದ ಪಡೆದ ತ್ರಿಪದಿ ಆ ಬಾಯಿಂದ ಕಳೆದುಹೋಗುವುದಿಲ್ಲ. ಅಚ್ಚಾಗಿ ಹೊರಬಂದಾಗ ಎಲ್ಲರದೂ ಆಗುತ್ತದೆ. ಜೆಸ್ವಿಟ್ ಸಂನ್ಯಾಸಿ ತನ್ನಲ್ಲಿದ್ದುದನ್ನು ಬಿಟ್ಟನು, ಬಾಸೆಲ್ಲಿನ ಮಿಶನರಿ ತನ್ನಲ್ಲಿದ್ದುದನ್ನು ಲೆಕ್ಕವಿಟ್ಟು ದುಡಿಸಿದನು. ಈ ಕನ್ನಡ ಕ್ರೈಸ್ತನು ತನ್ನಲ್ಲಿಲ್ಲದುದನ್ನು ನೆರೆಯವನಿಂದ ಬೇಡಿ ಪಡೆದನು. ಅಭಿಮಾನವನ್ನು ತೊರೆಯದೆ ಬೇಡಲಾಗದು. ವಸ್ತುಗಳ ತ್ಯಾಗಕ್ಕಿಂತ ಕಠಿಣವಾದ ಈ ತ್ಯಾಗವನ್ನು ಸುವಾರ್ತೆಯು ಆತ್ಮದ ಬಡತನವೆಂದು ಗುರುತಿಸುತ್ತದೆ.

ಭೌತಿಕ ಸಮೃದ್ಧಿಯ ಕಾಲದಲ್ಲಿ

ಇದೇ ಪ್ರಶ್ನೆ ಕರ್ನಾಟಕದ ಆಚೆಗೂ ಭಾರತೀಯ ಕ್ರೈಸ್ತರನ್ನು ಕಾಡಿತ್ತು. ನೆರೆಯ ಮರಾಠಿ ನಾಡಿನಲ್ಲಿ ಕವಿ ನಾರಾಯಣ ವಾಮನ ಟಿಳಕರು 1917ರಲ್ಲಿ ಮಿಶನ್ನಿನ ವೇತನವನ್ನು ತೊರೆದು ಸಂನ್ಯಾಸಿಯಾದರು. ತಂಜಾವೂರಿನಲ್ಲಿ 1892ರಲ್ಲಿ ಜನಿಸಿದ ಜೆ.ಸಿ. ಕುಮಾರಪ್ಪನವರು ಲೆಕ್ಕಪರಿಶೋಧಕರ ಲಾಭದಾಯಕ ವೃತ್ತಿಯನ್ನು ಬಿಟ್ಟು ಗಾಂಧೀಜಿಯವರ ಗ್ರಾಮೋದ್ಯೋಗ ಕಾರ್ಯದಲ್ಲಿ ತೊಡಗಿ, ಸೆರೆಮನೆಯಲ್ಲಿ ಶಾಶ್ವತತೆಯ ಅರ್ಥಶಾಸ್ತ್ರವನ್ನು ಕುರಿತು ಬರೆದರು. ಸರಳತೆಯನ್ನು ವ್ಯಕ್ತಿಯ ಸದ್ಗುಣವೆಂಬ ಮಟ್ಟದಿಂದ ಮೇಲೆತ್ತಿ, ನಿಸರ್ಗವನ್ನು ಬರಿದುಮಾಡದ ಉತ್ಪಾದನಾ ವ್ಯವಸ್ಥೆಯ ಪ್ರಶ್ನೆಯನ್ನಾಗಿ ಅವರು ಮಂಡಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರವು ಉಪಭೋಗ ಸಂಸ್ಕೃತಿ ಮತ್ತು ಪರಿಸರ ವಿನಾಶಗಳನ್ನು ಒಂದೇ ರೋಗದ ಎರಡು ಲಕ್ಷಣಗಳೆಂದು ವಿವೇಚಿಸಿದಾಗ, ಕುಮಾರಪ್ಪನವರ ಚಿಂತನೆಯ ದೂರದೃಷ್ಟಿ ಇನ್ನಷ್ಟು ಸ್ಪಷ್ಟವಾಯಿತು.

ತುಂಗಭದ್ರಾ ತೀರದಲ್ಲಿ ಇದು ಪುಸ್ತಕದ ಮಾತಾಗಿ ಉಳಿದಿಲ್ಲ. ಕೈಗಾರಿಕೆಯಿಂದ ಅನ್ನ ಕಂಡ ಪ್ರದೇಶವೇ 1980ರ ದಶಕದಲ್ಲಿ ನದಿಯ ನೀರಿನ ಮಾಲಿನ್ಯದ ವಿರುದ್ಧ ಹೋರಾಟ ನಡೆಸಬೇಕಾಯಿತು. ಸಮಾಜ ಪರಿವರ್ತನ ಸಮುದಾಯದಂತಹ ಸಂಘಟನೆಗಳು ಮೀನುಗಾರರ, ರೈತರ ದನಿಯಾದವು. ಅತ್ತ ದಾವಣಗೆರೆಯ ಬಟ್ಟೆಯ ಗಿರಣಿಗಳು ಶತಮಾನದ ಕೊನೆಯ ವೇಳೆಗೆ ಒಂದೊಂದಾಗಿ ಮುಚ್ಚಿದವು. ಹರಿಹರದ ಯಂತ್ರಗಳ ಕಾರ್ಖಾನೆಯೂ ನಿಂತುಹೋಯಿತು. ಗಿರಣಿಯನ್ನು ನೆಚ್ಚಿದ್ದ ಕುಟುಂಬಗಳಿಗೆ ಮಿತವ್ಯಯ ಆಯ್ಕೆಯಾಗಿ ಬರಲಿಲ್ಲ. ಅದೇ ವೇಳೆಗೆ ವಿದ್ಯೆ ಮತ್ತು ವೈದ್ಯಕೀಯಗಳು ಊರಿನ ಹೊಸ ಉದ್ಯಮಗಳಾಗಿ ಬೆಳೆದವು.

ಇಂತಹ ಸಮಾಜದಲ್ಲಿ ಎಲ್ಲ ಧರ್ಮಗಳ ಸಂಸ್ಥೆಗಳೂ ಶಾಲೆ, ಕಾಲೇಜು, ಆಸ್ಪತ್ರೆ, ನಿವೇಶನಗಳ ಒಡೆತನ ಹೊಂದಿವೆ. ಶುಲ್ಕ, ಪ್ರವೇಶ, ಕಟ್ಟಡಗಳ ವಿಚಾರದಲ್ಲಿ ಮಾರುಕಟ್ಟೆಯ ನಿಯಮಗಳಿಗೂ ಧರ್ಮದ ನಿಯಮಗಳಿಗೂ ಅಂತರ ಉಳಿದಿದೆಯೆ ಎಂಬುದು ಕ್ರೈಸ್ತರನ್ನಷ್ಟೇ ಅಲ್ಲ, ದಾಸೋಹದ ವಾರಸುದಾರರನ್ನೂ ಕಾಡಬೇಕಾದ ಪ್ರಶ್ನೆ. ಬಾಸೆಲ್ ಮಿಶನ್ನಿನ ಅನುಭವ ಇಲ್ಲಿ ಉಪಯುಕ್ತ ಪಾಠವಾಗಿದೆ: ಬಡವನ ಅನ್ನಕ್ಕಾಗಿ ಆರಂಭವಾದ ಉದ್ಯಮ ಯಾವ ಹಂತದಲ್ಲಿ ತನ್ನ ಉಳಿವಿಗಾಗಿಯೇ ಇರುವ ಉದ್ಯಮವಾಗುತ್ತದೆಂಬುದನ್ನು ಒಳಗಿರುವವರು ತಾವಾಗಿಯೇ ಪರೀಕ್ಷಿಸಿಕೊಳ್ಳುತ್ತಿರಬೇಕಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದಾಗಿದೆ. ಕನ್ನಡ ನೆಲದಲ್ಲಿ ಕ್ರೈಸ್ತ ಸರಳತೆಯು ಒಂದೇ ರೂಪದಲ್ಲಿ ಉಳಿದುಬಂದಿಲ್ಲ. ವೇಷವಾಗಿ ಬಂದ ಸರಳತೆ ಗೌರವವನ್ನು ಗಳಿಸಿತು, ಆದರೆ ಜಾತಿಯ ಶ್ರೇಣಿಯನ್ನು ದಾಟಲು ಕಷ್ಟಪಟ್ಟಿತು. ಶಿಸ್ತಾಗಿ ಬಂದ ಸರಳತೆ ಬಡವನಿಗೆ ದುಡಿಮೆಯ ಘನತೆಯನ್ನು ಕೊಟ್ಟಿತು, ಆದರೆ ಅವನನ್ನು ಸಂಸ್ಥೆಯ ಆಶ್ರಿತನನ್ನಾಗಿಯೂ ಮಾಡಿತು. ಉತ್ತಂಗಿ ಚನ್ನಪ್ಪನವರಲ್ಲಿ ಅದು ತಿರುಕನ ವಿನಯವಾಗಿ ಪರಿವರ್ತನೆ ಹೊಂದಿ, ಶರಣರ ಮತ್ತು ಸರ್ವಜ್ಞನ ಭಾಷೆಯಲ್ಲಿ ಮಾತನಾಡಲು ಕಲಿಯಿತು. ಹೊರಗಿನಿಂದ ಬಂದ ಧರ್ಮವೊಂದು ಕನ್ನಡದ್ದಾದ ಕ್ಷಣಗಳಲ್ಲಿ ಇದೂ ಒಂದು.

ಈ ವಿಷಯದ ಸಂಶೋಧನೆಗೆ ದಾವಣಗೆರೆ–ಹರಿಹರ ಪರಿಸರದಲ್ಲಿ ಇನ್ನೂ ವಿಪುಲ ಅವಕಾಶವಿದೆ. ಸಭೆಗಳ ಜ್ಞಾನಸ್ನಾನ ಮತ್ತು ವಿವಾಹದ ದಾಖಲೆಗಳು, ಸಮಾಧಿಗಳ ಮೇಲಿನ ಬರಹಗಳು, ಹಬ್ಬದ ಕಾಣಿಕೆಯ ಪುಸ್ತಕಗಳು, ಗಿರಣಿ ಕಾರ್ಮಿಕರಾಗಿದ್ದ ಕ್ರೈಸ್ತ ಕುಟುಂಬಗಳ ಮೌಖಿಕ ನೆನಪುಗಳು ವ್ಯವಸ್ಥಿತವಾಗಿ ಸಂಗ್ರಹವಾಗಬೇಕಾಗಿವೆ. ನದಿಯ ಎರಡೂ ದಡಗಳ ದಾಖಲೆಗಳನ್ನು ಒಟ್ಟಿಗೆ ಓದಿದಾಗ ಮಾತ್ರ ಮೂರು ಆಡಳಿತಗಳು ಹಂಚಿಹಾಕಿದ್ದ ಈ ಸಮುದಾಯದ ಚರಿತ್ರೆ ಇಡಿಯಾಗಿ ಕಾಣುತ್ತದೆ. ಅವುಗಳಲ್ಲಿ ವಿಶೇಷವಾಗಿ ಲೆಕ್ಕದ ಪುಸ್ತಕಗಳನ್ನು ಸಂಶೋಧಕರು ಅಲಕ್ಷಿಸಬಾರದು. ಒಂದು ಸಭೆ ಸರಳ ಬದುಕನ್ನು ಎಷ್ಟರಮಟ್ಟಿಗೆ ನಂಬಿತ್ತೆಂಬುದನ್ನು ಅದರ ಪ್ರಸಂಗಗಳಿಗಿಂತ ಅದರ ಜಮಾ–ಖರ್ಚಿನ ಸಾಲುಗಳು ಹೆಚ್ಚು ಪ್ರಾಮಾಣಿಕವಾಗಿ ಹೇಳುತ್ತವೆ.